ಬೆಂಗಳೂರಿನ ಗ್ರಾಂಟ್ ರೋಡ್‌ಗೆ ಹೆಸರಾದ ವಿಠ್ಠಲ್ ಮಲ್ಯ: ಪಾನನಿಷೇಧದ ದಿನಗಳಲ್ಲೇ ಮದ್ಯದ ಸಾಮ್ರಾಜ್ಯ ಕಟ್ಟಿದ ಬಂಟ್ವಾಳ ಮೂಲದ ಉದ್ಯಮಿ

ಗ್ರಾಂಟ್ ರೋಡ್ ಎಂದ ಕೂಡಲೇ ಮುಂಬೈ ಕನ್ನಡಿಗರಿಗೆ ನೆನಪಾಗುವುದು ಪಶ್ಚಿಮ ರೈಲ್ವೆಯ ಸ್ಟೇಷನ್. ಬಾಂಬೆ ಗವರ್ನರ್ ಆಗಿದ್ದ ರಾಬರ್ಟ್ ಗ್ರಾಂಟ್ ಹೆಸರು ಅಲ್ಲಿ ಇಂದಿಗೂ ಉಳಿದಿದೆ. ಬೆಂಗಳೂರಿನಲ್ಲೂ ಒಂದು ಗ್ರಾಂಟ್ ರೋಡ್ ಇತ್ತು ಎಂಬುದು ಹೊಸ ತಲೆಮಾರಿನವರಿಗೆ ಅಷ್ಟಾಗಿ ತಿಳಿದಿಲ್ಲ. ಇಂದು ಯುಬಿ ಸಿಟಿ ತಲೆಯೆತ್ತಿ ನಿಂತಿರುವ ಜಾಗದಲ್ಲಿ ಹಿಂದೆ ಯುನೈಟೆಡ್ ಬ್ರೂವರೀಸ್‌ನ ಬಿಯರ್ ಕಾರ್ಖಾನೆ ಇತ್ತು. ಪಕ್ಕದ ಗ್ರಾಂಟ್ ರೋಡ್ ಈಗ ವಿಠ್ಠಲ್ ಮಲ್ಯ ರಸ್ತೆ.

ಮಲ್ಯ ಎಂದರೆ ಜನ ಮಗ ವಿಜಯ್ ಮಲ್ಯ ಬಗ್ಗೆಯೇ ಮಾತಾಡುತ್ತಾರೆ. ಆದರೆ ಉದ್ಯಮ ಕಟ್ಟಿದ್ದು ತಂದೆ. ಅದೂ ಮದ್ಯ ಮಾರುವುದೇ ಅಪರಾಧ ಎಂದು ಸರ್ಕಾರಗಳು ಒಂದರ ಹಿಂದೊಂದು ಕಾನೂನು ತರುತ್ತಿದ್ದ ಕಾಲದಲ್ಲಿ!

ವಿಠ್ಠಲ್ ಮಲ್ಯ ಹುಟ್ಟಿದ್ದು 1924ರ ಫೆಬ್ರವರಿ 8ರಂದು, ಢಾಕಾದಲ್ಲಿ. ತಂದೆ ಬಂಟ್ವಾಳ ಗಣಪತಿ ಮಲ್ಯ ಬ್ರಿಟಿಷ್ ಇಂಡಿಯನ್ ಸೇನೆಯಲ್ಲಿ ವೈದ್ಯರು, ಲೆಫ್ಟಿನೆಂಟ್ ಕರ್ನಲ್. ಮನೆತನ ದಕ್ಷಿಣ ಕನ್ನಡದ ಬಂಟ್ವಾಳದ್ದಾದರೂ ಓದು ನಡೆದದ್ದು ಡೂನ್ ಸ್ಕೂಲ್ ಮತ್ತು ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಕಾಲೇಜು ಮುಗಿಸಿದ ಹುಡುಗನಿಗೆ ಷೇರು ಪೇಟೆಯ ಗೀಳು ಹತ್ತಿತು.

ಆಗ ಅವರ ಕಣ್ಣಿಗೆ ಬಿದ್ದದ್ದು ಯುನೈಟೆಡ್ ಬ್ರೂವರೀಸ್. ಥಾಮಸ್ ಲೀಶ್‌ಮನ್ ಎಂಬಾತ 1915ರಲ್ಲಿ ದಕ್ಷಿಣದ ಐದು ಬ್ರೂವರಿಗಳನ್ನು ಒಗ್ಗೂಡಿಸಿ ಮಾಡಿದ ಕಂಪನಿ ಅದು. ಬ್ರಿಟಿಷ್ ಸೈನಿಕರೇ ಮುಖ್ಯ ಗಿರಾಕಿಗಳು, ಪೀಪಾಯಿ ಹೊತ್ತ ಎತ್ತಿನಗಾಡಿಗಳು ದಂಡುಪ್ರದೇಶಗಳಿಗೆ ಬಿಯರ್ ಒಯ್ಯುತ್ತಿದ್ದವು. ದೇಶ ಸ್ವತಂತ್ರವಾದರೆ ಗಿರಾಕಿಯೇ ಹಡಗು ಹತ್ತುತ್ತಾನೆ. ಅಂಥ ಹೊತ್ತಿನಲ್ಲಿ ಮಲ್ಯ ಷೇರು ಕೊಳ್ಳುತ್ತಾ ಹೋದರು. 1947ರಲ್ಲಿ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದಾಗ ಅವರಿಗೆ ಇನ್ನೂ 24 ತುಂಬಿರಲಿಲ್ಲ. ಮರುವರ್ಷ ಆರ್.ಜಿ.ಎನ್. ಪ್ರೈಸ್ ಅವರ ಜಾಗದಲ್ಲಿ ಅಧ್ಯಕ್ಷರೂ ಆದರು.

1948ರಲ್ಲಿ ಮದ್ರಾಸ್ ಪ್ರಾಂತ್ಯ ಪೂರ್ತಿ ಪಾನನಿಷೇಧಕ್ಕೆ ಒಳಪಟ್ಟಿತು. ದಕ್ಷಿಣ ಕನ್ನಡ ಆಗ ಮದ್ರಾಸ್‌ಗೆ ಸೇರಿತ್ತು. ಅಂದರೆ, ಬೆಂಗಳೂರಿನ ಬಿಯರ್ ಕಂಪನಿಯ ಅಧ್ಯಕ್ಷರು ತಮ್ಮ ಮೂಲ ಊರು ಬಂಟ್ವಾಳದಲ್ಲಿ ಒಂದು ಬಾಟಲಿಯನ್ನೂ ಮಾರುವಂತಿರಲಿಲ್ಲ! ಬಾಂಬೆಯಲ್ಲಿ 1949ರ ಕಾಯ್ದೆ ಬಂತು. ಪರ್ಮಿಟ್ ಇಲ್ಲದೆ ಕುಡಿಯುವುದೂ ಅಪರಾಧವಾಯಿತು. ಆ ಕಾಯ್ದೆಯನ್ನು ಎಫ್.ಎನ್. ಬಲ್ಸಾರಾ ಎಂಬವರು ಪ್ರಶ್ನಿಸಿದರು. ವಿದೇಶದಿಂದ ಆಮದು ಮಾಡುವ ಅಧಿಕಾರ ಕೇಂದ್ರದ್ದಾಗಿರುವಾಗ ರಾಜ್ಯ ಹೇಗೆ ನಿಷೇಧಿಸುತ್ತದೆ ಎಂಬುದೂ ಅಲ್ಲಿ ಚರ್ಚೆಯಾಯಿತು. 1951ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಔಷಧಿಯಂಥ ಕೆಲವು ವಸ್ತುಗಳಿಗೆ ಸಂಬಂಧಿಸಿದ ಭಾಗಗಳನ್ನು ಬಿಟ್ಟರೆ, ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಹಡಗಿನಿಂದ ಇಳಿದ ಸರಕಿನ ಮಾರಾಟ ರಾಜ್ಯದ ಹಿಡಿತಕ್ಕೆ ಸೇರಿತು.

ಅದೇ 1951ರಲ್ಲಿ ವಿಠ್ಠಲ್ ಮಲ್ಯ ಮೆಕ್‌ಡೊವೆಲ್ ಕಂಪನಿಯನ್ನು ಕೊಂಡರು. ಆಂಗಸ್ ಮೆಕ್‌ಡೊವೆಲ್ 1826ರಲ್ಲಿ ಮದ್ರಾಸ್‌ನಲ್ಲಿ ಶುರುಮಾಡಿದ, ಬ್ರಿಟಿಷರಿಗಾಗಿ ಮದ್ಯ, ಸಿಗಾರ್ ತರಿಸಿ ಹಂಚುತ್ತಿದ್ದ ಹಳೆಯ ಆಮದು ಸಂಸ್ಥೆ ಅದು. ಮದ್ರಾಸ್‌ನಲ್ಲೇ ಮದ್ಯ ಬಂದ್ ಆಗಿರುವಾಗ ಇದನ್ನು ಕೊಳ್ಳುವುದು ಹುಚ್ಚುತನದಂತೆಯೇ ಕಾಣುತ್ತದೆ. ಮೇಲಾಗಿ ವಿದೇಶಿ ವಿನಿಮಯದ ಕೊರತೆಯಿಂದ ಆಮದಿಗೂ ಕಡಿವಾಣ ಬಿದ್ದಿತ್ತು. ಹೊರಗಿನಿಂದ ಬಾಟಲಿ ಬರದಿದ್ದರೆ ಇಲ್ಲೇ ತಯಾರಿಸಬೇಕು ಎಂಬುದು ಮಲ್ಯ ಹಿಡಿದ ದಾರಿ. 1959ರಲ್ಲಿ ಕೇರಳದ ಚೇರ್ತಲದಲ್ಲಿ ಮೆಕ್‌ಡೊವೆಲ್‌ನ ಮೊದಲ ಡಿಸ್ಟಿಲರಿ ಎದ್ದಿತು, ಫ್ರೆಂಚ್ ಹೆಸರಿನ ಬ್ರಾಂಡಿಗಳು ಅಲ್ಲಿ ಬಾಟಲಿ ಸೇರಿದವು. ಮುಂದೆ ಕಂಪನಿಯದೇ ಬ್ರಾಂಡಿ ಬಂತು, 1968ರಲ್ಲಿ ನಂಬರ್ ಒನ್ ವಿಸ್ಕಿ. ವಿದೇಶಿ ಹೆಸರು, ದೇಶಿ ಕಾಕಂಬಿಯ ಸ್ಪಿರಿಟ್!

ಸಂವಿಧಾನದ ಪ್ರಕಾರ ಮದ್ಯ ರಾಜ್ಯಗಳ ವಿಷಯ. ಪ್ರತಿ ರಾಜ್ಯಕ್ಕೂ ಬೇರೆ ಅಬಕಾರಿ ಸುಂಕ, ಬೇರೆ ಲೇಬಲ್ ನೋಂದಣಿ, ಗಡಿ ದಾಟಿಸಲು ಬೇರೆ ಪರ್ಮಿಟ್. ಹೊರರಾಜ್ಯದ ಸರಕಿಗೆ ತೆರಿಗೆ ಹೆಚ್ಚು. ಹಾಗಾಗಿ ಒಂದೇ ದೊಡ್ಡ ಕಾರ್ಖಾನೆಯಿಂದ ದೇಶಕ್ಕೆಲ್ಲ ಕಳಿಸುವ ಲೆಕ್ಕ ಇಲ್ಲಿ ನಡೆಯದು. ರಾಜ್ಯ ರಾಜ್ಯದಲ್ಲೂ ಬೇರು ಬಿಡಬೇಕು. ಹೊಸದಾಗಿ ಕಟ್ಟುವುದಕ್ಕಿಂತ, ಬ್ರಿಟಿಷರು ಬಿಟ್ಟುಹೋಗುತ್ತಿದ್ದ ಕಂಪನಿಗಳನ್ನು ಲೈಸೆನ್ಸ್ ಸಮೇತ ಕೊಳ್ಳುವುದು ಮಲ್ಯರ ಜಾಣ್ಮೆ.

ಬಾಂಬೆಯ ಹರ್ಬರ್ಟ್‌ಸನ್ಸ್ ಈ ಸಮೂಹಕ್ಕೆ ಸೇರಿದ್ದು ಹೀಗೆ. ಫಿಪ್ಸನ್ ಹೆಸರೂ ಕ್ಯಾರ್ಯೂ ಜೊತೆಗೂಡಿ ಇದೇ ಸಮೂಹದ ಪಾಲಾಯಿತು. ಬಾಂಬೆ ಕೋಟೆ ಪ್ರದೇಶದ ವೈನ್ ವ್ಯಾಪಾರಿ ಹರ್ಬರ್ಟ್ ಫಿಪ್ಸನ್, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತನ್ನ ಅಂಗಡಿಯಲ್ಲೇ ಜಾಗ ಕೊಟ್ಟವರು. ಸೊಸೈಟಿಯ ಲಾಂಛನದಲ್ಲಿರುವ ಮಂಗಟ್ಟೆ ಹಕ್ಕಿ 1894ರಲ್ಲಿ ಅಲ್ಲಿಗೆ ಬಂದದ್ದು ನಮ್ಮ ಕಾರವಾರದಿಂದ!

ಎಲ್ಲ ಮೊಟ್ಟೆಗಳನ್ನೂ ಮದ್ಯದ ಬುಟ್ಟಿಯಲ್ಲೇ ಇಡಲಿಲ್ಲ ಮಲ್ಯ. ಜಾಮ್, ಸಾಸ್ ಮಾಡುವ ಕಿಸಾನ್ ಕೂಡ ಅವರ ಕೈಯಲ್ಲಿತ್ತು. ಪಾನನಿಷೇಧದ ಕತ್ತಿ ಎಂದಾದರೂ ಬೀಳಬಹುದು ಎಂಬ ಎಚ್ಚರವೂ ಇದ್ದಿರಬಹುದು. 1977ರಲ್ಲಿ ಆ ಭಯ ಮತ್ತೆ ಎದುರಿಗೆ ಬಂತು. ಬಾಂಬೆಯಲ್ಲಿ ಪಾನನಿಷೇಧ ಜಾರಿ ಮಾಡಿದ್ದ ಮೊರಾರ್ಜಿ ದೇಸಾಯಿ ಈಗ ಪ್ರಧಾನಿ. ಹಂತ ಹಂತವಾಗಿ ದೇಶಕ್ಕೆಲ್ಲ ಪಾನನಿಷೇಧ ಎಂದು ಜನತಾ ಸರ್ಕಾರ ಹೇಳಿತು. 1979ರ ಜುಲೈನಲ್ಲಿ ಆ ಸರ್ಕಾರವೇ ಬಿತ್ತು, ಡಿಸ್ಟಿಲರಿಗಳು ಉಳಿದವು.

ಕುಡಿತ ಎಷ್ಟೋ ಸಂಸಾರಗಳನ್ನು ಹಾಳು ಮಾಡಿದೆ, ಪಾನನಿಷೇಧ ಕೇಳಿದವರ ಕಾಳಜಿ ಸುಳ್ಳಲ್ಲ. ಇನ್ನೊಂದು ಕಡೆ, ಸರ್ಕಾರಗಳ ಖಜಾನೆಗೆ ಅಬಕಾರಿ ಹಣ ಬೇಕೇ ಬೇಕಿತ್ತು. ಮಲ್ಯರ ಲೆಕ್ಕಾಚಾರ ನಿಂತದ್ದು ಈ ಎರಡನೆಯದರ ಮೇಲೆ. ಮದ್ರಾಸ್, ಬಾಂಬೆಗಳ ಬಿಗಿ ಕಾನೂನು ಕ್ರಮೇಣ ಸಡಿಲವಾದಾಗ ಸರಕು ಸಿದ್ಧ ಇಟ್ಟುಕೊಂಡಿದ್ದವರು ಅವರೇ.

ಪ್ರಚಾರದಿಂದ ದೂರವಿದ್ದ ವಿಠ್ಠಲ್ ಮಲ್ಯ 1983ರ ಅಕ್ಟೋಬರ್ 13ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು. ಅಧ್ಯಕ್ಷ ಸ್ಥಾನಕ್ಕೆ ಬಂದ ಮಗ ವಿಜಯ್‌ಗೆ ಆಗ 27 ವರ್ಷ.