ಪಿಯಾನೋ ಕವಿ ಫ್ರೆಡರಿಕ್ ಶೋಪಾನ್

ಕಲಾವಿದನೊಬ್ಬನೇ ಪಿಯಾನೋ ಮುಂದೆ ಕುಳಿತು, ಕೃತಿಗಳ ನಡುನಡುವೆ ಅವುಗಳನ್ನು ರಚಿಸಿದವನ ಜೀವನಕಥೆಯನ್ನು ನಿರೂಪಿಸುವ ಕಛೇರಿಗಳು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಇಂದು ಅಪರೂಪವಲ್ಲ. ನಮ್ಮ ಹರಿಕಥೆಯನ್ನು ಕೇಳಿ ಬೆಳೆದವರಿಗೆ ಈ ಕ್ರಮ ಅಪರಿಚಿತವೆನಿಸದು. ಇಂತಹ ಕಛೇರಿಗಳಿಗೆ ಮತ್ತೆ ಮತ್ತೆ ವಸ್ತುವಾಗುವವನು ಫ್ರೆಡರಿಕ್ ಶೋಪಾನ್. ಸೋಜಿಗವೆಂದರೆ, ಸಾರ್ವಜನಿಕ ವೇದಿಕೆಗೆ ಆತ ಸದಾ ಅಂಜುತ್ತಿದ್ದ. ಮಿತ್ರ ಫ್ರಾನ್ಸ್ ಲಿಸ್ಟ್ ಯೂರೋಪಿನಾದ್ಯಂತ ಸಂಚರಿಸಿ ಜನಸಾಗರವನ್ನು ಮರುಳುಗೊಳಿಸುತ್ತಿದ್ದ ಕಾಲದಲ್ಲಿ, ಶೋಪಾನ್ ಜೀವಮಾನವಿಡೀ ನೀಡಿದ ಸಾರ್ವಜನಿಕ ಕಛೇರಿಗಳು ಸುಮಾರು 30 ಮಾತ್ರ.

ಆತ ಹುಟ್ಟಿದ್ದು 1810ರಲ್ಲಿ, ಪೋಲೆಂಡಿನ ವಾರ್ಸಾ ನಗರಕ್ಕೆ ಸಮೀಪದ ಹಳ್ಳಿಯೊಂದರಲ್ಲಿ. ತಂದೆ ಫ್ರಾನ್ಸಿನಿಂದ ವಲಸೆ ಬಂದು ಅಲ್ಲಿ ಫ್ರೆಂಚ್ ಕಲಿಸುತ್ತಿದ್ದವರು. ತಾಯಿ ಪೋಲಿಷ್ ಮಹಿಳೆ. ಏಳರ ಹರೆಯದಲ್ಲೇ ಬಾಲಕನ ರಚನೆಯೊಂದು ಅಚ್ಚಾಯಿತು. ಮುಂದೆ ಯೋಸೆಫ್ ಎಲ್ಸ್ನರ್ ಅವರಲ್ಲಿ ಸಂಗೀತರಚನೆಯ ಅಭ್ಯಾಸ ನಡೆಯಿತು.

1830ರ ನವೆಂಬರ್ 2ರಂದು ಆತ ವಾರ್ಸಾ ಬಿಟ್ಟು ವಿಯೆನ್ನಾದತ್ತ ಹೊರಟ. ತಿಂಗಳು ತುಂಬುವ ಮೊದಲೇ ರಷ್ಯದ ಆಳ್ವಿಕೆಯ ವಿರುದ್ಧ ವಾರ್ಸಾದಲ್ಲಿ ದಂಗೆ ಸಿಡಿಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ನಗರ ರಷ್ಯದ ಸೇನೆಗೆ ಶರಣಾದಾಗ, ಪ್ಯಾರಿಸ್ಸಿನ ದಾರಿಯಲ್ಲಿದ್ದ ಶೋಪಾನ್‌ಗೆ ಸ್ಟುಟ್‌ಗಾರ್ಟಿನಲ್ಲಿ ಆ ಸುದ್ದಿ ಮುಟ್ಟಿತು. ಮತ್ತೆಂದೂ ಆತ ತಾಯ್ನಾಡಿನ ನೆಲವನ್ನು ತುಳಿಯಲಿಲ್ಲ. 1835ರಲ್ಲಿ ಕಾರ್ಲ್ಸ್‌ಬಾಡ್ ಎಂಬಲ್ಲಿ ತಂದೆತಾಯಿಯರನ್ನು ಕಂಡದ್ದೇ ಕಡೆಯ ಭೇಟಿಯಾಯಿತು.

ಪ್ಯಾರಿಸ್ಸಿನಲ್ಲಿ ಶ್ರೀಮಂತ ಮನೆತನಗಳವರಿಗೆ ಪಾಠ ಹೇಳುವುದೇ ಆತನ ಮುಖ್ಯ ಜೀವನೋಪಾಯ. ಸಂಜೆಗಳಲ್ಲಿ ಆಪ್ತರ ಮನೆಯ ಹಜಾರಗಳಲ್ಲಿ ನುಡಿಸುತ್ತಿದ್ದ. ಸುತ್ತಿಗೆ ತಂತಿಗೆ ಬಡಿದು ನಾದ ಹೊಮ್ಮಿಸುವ ಪಿಯಾನೋದಲ್ಲಿ ಗಮಕಕ್ಕೆ ಎಡೆಯಿಲ್ಲ. ಹೊಮ್ಮಿದ ಸ್ವರ ಮರುಗಳಿಗೆಯೇ ಕ್ಷೀಣಿಸತೊಡಗುತ್ತದೆ. ಅಂಥ ವಾದ್ಯವನ್ನು ಹಾಡಿಸುವುದೇ ಶೋಪಾನನ ಸಾಧನೆ. ಇಟಲಿಯ ಗಾಯಕರನ್ನು ಆಲಿಸಿ ಕಲಿಯಿರೆಂದು ಶಿಷ್ಯರಿಗೆ ಹೇಳುತ್ತಿದ್ದ. ಎಡಗೈ ತಾಳ ತಪ್ಪದಂತೆ ನಡೆಯಬೇಕು, ಬಲಗೈ ಮಾತ್ರ ಗಾಯಕನಂತೆ ತುಸು ತಡೆದು, ತುಸು ಧಾವಿಸಿ ಸ್ವತಂತ್ರವಾಗಿ ವಿಹರಿಸಬಹುದು ಎಂಬುದು ಆತನ ಬೋಧನೆಯ ತಿರುಳು. ತಾಳದ ಚೌಕಟ್ಟಿನೊಳಗೇ ಭಾವ ಹಿಗ್ಗುವ ಬಗೆಯನ್ನು ಬಲ್ಲ ನಮ್ಮ ಶ್ರೋತೃಗಳಿಗೆ ಇದು ಬೇಗನೆ ಮನವರಿಕೆಯಾದೀತು. ಪೋಲೆಂಡಿನ ಜಾನಪದ ಕುಣಿತದಿಂದ ಮೂಡಿದ ಮಜುರ್ಕಾಗಳನ್ನು ಆತ ಕೊನೆಯವರೆಗೂ ಬರೆಯುತ್ತಲೇ ಹೋದ. ಅವು ಐವತ್ತಕ್ಕೂ ಹೆಚ್ಚು. ಆತನ ಅಂತರಂಗ ಅವುಗಳಲ್ಲಿ ತೆರೆದುಕೊಂಡಷ್ಟು ಬೇರೆಲ್ಲೂ ತೆರೆದುಕೊಂಡಿಲ್ಲವೆಂದೇ ನಮ್ಮ ಅನಿಸಿಕೆ.

ಜಾರ್ಜ್ ಸಾಂಡ್ ಎಂಬ ಪುರುಷನಾಮದಿಂದ ಬರೆಯುತ್ತಿದ್ದ ಲೇಖಕಿಯೊಡನೆ ಆತನ ಒಡನಾಟ ಸುಮಾರು ಒಂಬತ್ತು ವರ್ಷಗಳದ್ದು. 1838-39ರ ಚಳಿಗಾಲವನ್ನು ಅವರು ಮಯೋರ್ಕಾ ದ್ವೀಪದಲ್ಲಿ ಕಳೆದರು. ಕ್ಷಯರೋಗದ ಭೀತಿಯಿಂದ ಮನೆಯ ಮಾಲೀಕ ಹೊರಹಾಕಿದ ಮೇಲೆ ಹಳೆಯ ಮಠವೊಂದೇ ಆಶ್ರಯವಾಯಿತು. ಪ್ಯಾರಿಸ್ಸಿನಿಂದ ಬರಬೇಕಿದ್ದ ಪಿಯಾನೋ ತಲುಪಿದ್ದು ವಾರಗಟ್ಟಲೆ ತಡವಾಗಿ. ಅಲ್ಲಿಯೇ ಆತ 24 ಪ್ರೆಲ್ಯೂಡ್‌ಗಳನ್ನು ಪೂರ್ಣಗೊಳಿಸಿದ. ಅವುಗಳಲ್ಲೊಂದು ಇಂದಿಗೂ ಮಳೆಹನಿಯ ಹೆಸರಿನಿಂದ ಪ್ರಸಿದ್ಧ, ಕಥನಕಾರರಿಗಂತೂ ಅಚ್ಚುಮೆಚ್ಚು. ಆದರೆ ಆ ಹೆಸರನ್ನು ಶೋಪಾನ್ ಇಟ್ಟದ್ದಲ್ಲ. ತನ್ನ ಕೃತಿಗಳಿಗೆ ಇತರರು ಕಥೆ ಕಟ್ಟುವುದು ಆತನಿಗೆ ಹಿಡಿಸುತ್ತಲೂ ಇರಲಿಲ್ಲ.

1847ರಲ್ಲಿ ಆ ಸಂಬಂಧ ಮುರಿಯಿತು. 1848ರ ಫೆಬ್ರವರಿ 16ರಂದು ಪ್ಯಾರಿಸ್ಸಿನಲ್ಲಿ ಕೊನೆಯ ಕಛೇರಿ ನಡೆಯಿತು; ವಾರದೊಳಗೆ ಅಲ್ಲಿ ಕ್ರಾಂತಿಯೆದ್ದು ಶಿಷ್ಯರು ಚದುರಿದರು. ಸಂಪಾದನೆಗಾಗಿ ಬ್ರಿಟನ್ನಿಗೆ ತೆರಳಿದ ಶೋಪಾನ್, ತೀವ್ರ ಅಸ್ವಸ್ಥನಾಗಿದ್ದರೂ, ನವೆಂಬರ್ 16ರಂದು ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ ಪೋಲಿಷ್ ನಿರಾಶ್ರಿತರ ಸಹಾಯಾರ್ಥ ನುಡಿಸಿದ. ನೃತ್ಯಕ್ಕೆಂದು ನೆರೆದಿದ್ದ ಆ ಸಂದಣಿಯಲ್ಲಿ ಕಿವಿಗೊಟ್ಟವರು ವಿರಳ. ಅದೇ ಆತನ ಕಟ್ಟಕಡೆಯ ಸಾರ್ವಜನಿಕ ವಾದನ.

1849ರ ಅಕ್ಟೋಬರ್ 17ರಂದು, 39ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಶೋಪಾನ್ ತೀರಿಕೊಂಡ. ದೇಹವನ್ನು ಅಲ್ಲಿಯೇ ಸಮಾಧಿ ಮಾಡಲಾಯಿತು. ಆತನ ಇಚ್ಛೆಯಂತೆ ಹೃದಯವನ್ನು ಮಾತ್ರ ಹೊರತೆಗೆದು, ಅಕ್ಕ ಲುಡ್ವಿಕಾ ಅದನ್ನು ಗಾಜಿನ ಜಾಡಿಯಲ್ಲಿರಿಸಿ ವಾರ್ಸಾಗೆ ಒಯ್ದರು. ಹೋಲಿ ಕ್ರಾಸ್ ಚರ್ಚಿನ ಕಂಬವೊಂದರಲ್ಲಿ ಅದನ್ನು ಇರಿಸಲಾಯಿತು. 1944ರ ವಾರ್ಸಾ ದಂಗೆಯ ವೇಳೆ ಅದನ್ನು ಅಲ್ಲಿಂದ ಸಾಗಿಸಲಾಗಿತ್ತು. 1945ರ ಅಕ್ಟೋಬರ್ 17ರಂದು, ಆತನ ಪುಣ್ಯತಿಥಿಯಂದೇ, ಅದೇ ಚರ್ಚಿಗೆ ಹಿಂದಿರುಗಿಸಲಾಯಿತು. 2014ರಲ್ಲಿ ತಜ್ಞರು ಜಾಡಿಯ ಮುಚ್ಚಳ ತೆರೆಯದೆಯೇ ಪರೀಕ್ಷಿಸಿ, ಕ್ಷಯರೋಗದ ತೊಡಕುಗಳೇ ಮರಣಕ್ಕೆ ಕಾರಣವಾಗಿರುವ ಸಂಭವ ಹೆಚ್ಚೆಂದು ಅಭಿಪ್ರಾಯಪಟ್ಟರು.