ಸಂಗೀತಪೋಷಕ ಜಯಚಾಮರಾಜ ಒಡೆಯರು

ಸಂಗೀತಕ್ಕೆ ಆಶ್ರಯವಿತ್ತ ಅರಸರು ಕನ್ನಡ ನಾಡಿನಲ್ಲಿ ಅಪರೂಪವಲ್ಲ. ವಿದ್ವಾಂಸರನ್ನು ಕರೆಸಿ, ಹಾಡಿಸಿ, ಶಾಲು ಹೊದಿಸಿ ಕಳುಹಿಸುವುದು ಅರಮನೆಗಳ ವಾಡಿಕೆಯೇ ಆಗಿತ್ತು. ಆದರೆ ಮೈಸೂರಿನಲ್ಲಿ ಕುಳಿತು ಲಂಡನ್ ನಗರದ ವಾದ್ಯವೃಂದವೊಂದಕ್ಕೆ ನೆಲೆ ಒದಗಿಸಿದ, ಮರೆಯಲ್ಲಿ ಬಾಳುತ್ತಿದ್ದ ರಷ್ಯದ ವೃದ್ಧ ಸಂಗೀತಗಾರನ ಕೃತಿಗಳನ್ನು ಲೋಕಕ್ಕೆ ಉಳಿಸಿಕೊಟ್ಟ ಅರಸರು ಒಬ್ಬರೇ. ಅವರು ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರು.

ಅವರು ಜನಿಸಿದ್ದು 1919ನೆಯ ಇಸವಿ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ತಾಯಿ ಕೆಂಪು ಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಸಿಂಹಾಸನದಲ್ಲಿದ್ದರು. ನಾಲ್ವಡಿಯವರು ಸ್ವತಃ ಹಲವು ವಾದ್ಯಗಳನ್ನು ಬಲ್ಲವರು. ಅವರ ಆಸ್ಥಾನದಲ್ಲಿ ಒಂದು ಕಡೆ ವೀಣೆ ನುಡಿಯುತ್ತಿದ್ದರೆ ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯವೃಂದದ ಅಭ್ಯಾಸ ನಡೆಯುತ್ತಿತ್ತು. ಉತ್ತರದ ಅಬ್ದುಲ್ ಕರೀಂ ಖಾನರಂಥ ಗಾಯಕರೂ ಅಲ್ಲಿಗೆ ಬಂದು ಹಾಡಿ ಮನ್ನಣೆ ಪಡೆದಿದ್ದರು. ಇಂತಹ ಮನೆಯಲ್ಲಿ ಬೆಳೆದ ಬಾಲಕನಿಗೆ ಸಂಗೀತವು ಉಸಿರಿನಷ್ಟೇ ಸಹಜವಾಗಿ ಬಂದಿತು. ಎಲ್ಲ ವಾದ್ಯಗಳಿಗಿಂತ ಅವರ ಮನಸ್ಸನ್ನು ಸೆಳೆದದ್ದು ಪಿಯಾನೋ.

1938ರಲ್ಲಿ ಅವರು ಮೈಸೂರಿನ ಮಹಾರಾಜ ಕಾಲೇಜಿನಿಂದ ಪದವೀಧರರಾಗಿ ಹೊರಬಂದರು. ಮರುವರ್ಷ ಯುರೋಪಿನಲ್ಲಿ ಪ್ರವಾಸ ಮಾಡಿದರು. ಸಭಿಕರ ಮುಂದೆ ನುಡಿಸುವ ಪಿಯಾನೋ ವಾದಕನಾಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ 1940ರ ಮಾರ್ಚಿಯಲ್ಲಿ ತಂದೆ ತೀರಿಕೊಂಡರು. ಅದೇ ಆಗಸ್ಟ್ 3ರಂದು ದೊಡ್ಡಪ್ಪನವರೂ ತೀರಿಕೊಂಡರು. ಸೆಪ್ಟೆಂಬರ್ ತಿಂಗಳಲ್ಲಿ ಇಪ್ಪತ್ತೊಂದು ವರ್ಷದ ತರುಣನಿಗೆ ಪಟ್ಟಾಭಿಷೇಕವಾಯಿತು. ಜನರೆಲ್ಲ ಭಾಗ್ಯವೆಂದು ಎಣಿಸುವ ಸಿಂಹಾಸನವು ಅವರ ಬಹುದಿನದ ಆಸೆಗೆ ತಡೆಯಾಗಿ ಬಂದಿತು. ಆದರೂ ಅವರು ಅಭ್ಯಾಸವನ್ನು ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯನ್ನು ಪಡೆದರು. 1945ರಲ್ಲಿ ಅಲ್ಲಿಯ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಸದಸ್ಯತ್ವವನ್ನು ನೀಡಿತು.

ತಾವು ವೇದಿಕೆಯನ್ನು ಏರಲಾರದವರು ಏರಬಲ್ಲವರಿಗೆ ಮೆಟ್ಟಿಲಾಗಲು ನಿರ್ಧರಿಸಿದರು. ಆ ಕಾಲದಲ್ಲಿ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರರು ಲಂಡನ್ನಿನಲ್ಲಿ ವಾಸವಾಗಿದ್ದರು. 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದ ಅವರು 1921ರಲ್ಲಿ ತಾಯ್ನಾಡನ್ನು ತೊರೆದು, ಹಲವು ದೇಶಗಳನ್ನು ಸುತ್ತಿ, ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಸಿದ್ದರು. ಅವರು ರಚಿಸಿದ ಕೃತಿಗಳಲ್ಲಿ ಪಿಯಾನೋ ಇಲ್ಲದ ಕೃತಿಯೇ ಇಲ್ಲ. ಬಲ್ಲವರು ಅವರನ್ನು ಮಹಾ ವಿದ್ವಾಂಸರೆಂದು ಮನ್ನಿಸುತ್ತಿದ್ದರು. ಆದರೆ ಕಾಲದ ಅಭಿರುಚಿ ಬೇರೆ ಕಡೆಗೆ ಹರಿದಿತ್ತು. ಎರಡನೆಯ ಮಹಾಯುದ್ಧವು ಆರಂಭವಾದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಆಮೇಲೆ ಹೃದ್ರೋಗ ಅವರನ್ನು ಹಿಡಿಯಿತು. ಬಡತನ, ಮುಪ್ಪು, ರೋಗ ಈ ಮೂರರ ನಡುವೆ ಅವರ ಸಂಗೀತವು ಅವರೊಡನೆಯೇ ಅಳಿದುಹೋಗುವ ಸ್ಥಿತಿಯಲ್ಲಿತ್ತು.

ಮೈಸೂರಿನ ಮಹಾರಾಜರು ಮೆಟ್ನರರ ಸಂಗೀತವನ್ನು ಅರಿತು ಮೆಚ್ಚಿದವರು. ಯುದ್ಧ ಮುಗಿದ ಬಳಿಕ ಅವರ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸುವುದಕ್ಕಾಗಿ ಲಂಡನ್ನಿನಲ್ಲಿ ಮೆಟ್ನರ್ ಸಂಘವನ್ನು ಸ್ಥಾಪಿಸಿ, ಅದರ ವೆಚ್ಚವನ್ನು ತಾವೇ ವಹಿಸಿಕೊಂಡರು. 1947ರಲ್ಲಿ ಮೆಟ್ನರರು ತಮ್ಮ ಮೂರು ಪಿಯಾನೋ ಕಾನ್ಸರ್ಟೊಗಳನ್ನೂ ತಾವೇ ನುಡಿಸಿ ಮುದ್ರಿಸಿದರು. ಹಾಡುಗಳೂ ಬಿಡಿ ಕೃತಿಗಳೂ ಒಂದೊಂದಾಗಿ ತಟ್ಟೆಗೆ ಸೇರಿದವು. ಪಿಯಾನೋದೊಡನೆ ನಾಲ್ಕು ತಂತಿವಾದ್ಯಗಳು ಕೂಡಿ ನುಡಿಸುವ ಒಂದು ಪಂಚವಾದ್ಯ ಕೃತಿಯನ್ನು ಅವರು ಯೌವನದಲ್ಲಿ ಆರಂಭಿಸಿ ದಶಕಗಳ ಕಾಲ ಮುಗಿಸದೆ ಇಟ್ಟಿದ್ದರು. ಅದನ್ನೂ ಈ ಅವಧಿಯಲ್ಲಿ ಪೂರ್ಣಗೊಳಿಸಿ ನುಡಿಸಿದರು. 1951ರ ನವೆಂಬರಿನಲ್ಲಿ ಅವರು ಕಾಲವಾದರು. ಮಹಾರಾಜರ ನೆರವು ನಾಲ್ಕೈದು ವರ್ಷ ತಡವಾಗಿದ್ದರೆ ಆ ಕೈಬೆರಳುಗಳ ನಾದವನ್ನು ನಾವು ಇಷ್ಟು ಸಮೃದ್ಧವಾಗಿ ಕೇಳಲು ಸಾಧ್ಯವಾಗುತ್ತಿರಲಿಲ್ಲ. ಮೆಟ್ನರರು ತಮ್ಮ ಮೂರನೆಯ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ.

ಲಂಡನ್ನಿನ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ನಿರ್ದೇಶಕರು 1945ರಲ್ಲಿ ಫಿಲ್ಹಾರ್ಮೋನಿಯ ಎಂಬ ವಾದ್ಯವೃಂದವನ್ನು ಕಟ್ಟಿದ್ದರು. ನುರಿತ ವಾದಕರಿದ್ದರೂ ಅದಕ್ಕೆ ಭದ್ರವಾದ ಹಣಬಲವಿರಲಿಲ್ಲ. ಲೆಗ್ ಅವರು ಮಹಾರಾಜರ ಅತಿಥಿಯಾಗಿ ಮೈಸೂರಿಗೆ ಬಂದು ಕೆಲವು ವಾರ ಇದ್ದರು. ಅರಮನೆಯಲ್ಲಿದ್ದ ಧ್ವನಿಮುದ್ರಿಕೆಗಳ ಭಂಡಾರವನ್ನೂ ದೊಡ್ಡ ಪಿಯಾನೋಗಳನ್ನೂ ಕಂಡು ಬೆರಗಾದರು. ಅಲ್ಲಿ ಮಾತುಕತೆ ನಡೆದು, ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ನೀಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಅವರು ಫಿಲ್ಹಾರ್ಮೋನಿಯ ಸಂಗೀತ ಸಭೆಯ ಮೊದಲ ಅಧ್ಯಕ್ಷರಾದರು.

ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರು ತಮ್ಮ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಗೀತೆಗಳು, ಅವರು ಮೃತರಾದ ಮರುವರ್ಷ, 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಫಿಲ್ಹಾರ್ಮೋನಿಯ. ಆ ಕಾರ್ಯಕ್ರಮಕ್ಕೆ 4,800 ಡಾಲರುಗಳ ಭರವಸೆಯನ್ನಿತ್ತವರು ಜಯಚಾಮರಾಜ ಒಡೆಯರು. ಅವರ ಸಂಗ್ರಹಕ್ಕಾಗಿ ಆ ಸಂಜೆಯ ಗಾಯನವನ್ನು ಮುದ್ರಿಸಿಕೊಳ್ಳಲಾಯಿತು. ಸಭೆಯಲ್ಲಿ ಅವರು ಇರಲಿಲ್ಲ. ಸಾವಿರಾರು ಮೈಲಿಗಳ ಆಚೆ ತಮ್ಮ ನಾಡಿನಲ್ಲಿದ್ದರು.

ಬಡವರೇ ಹೆಚ್ಚಾಗಿದ್ದ ನಾಡಿನ ಅರಸರು ಹೊರದೇಶದ ಸಂಗೀತಕ್ಕೆ ಇಷ್ಟು ಹಣ ಸುರಿಯಬಹುದೆ ಎಂಬ ಪ್ರಶ್ನೆ ಯಾರ ಮನಸ್ಸಿನಲ್ಲಾದರೂ ಮೂಡೀತು. ಅದು ನ್ಯಾಯವಾದ ಪ್ರಶ್ನೆಯೇ. ಅದೇ ಕಾಲದಲ್ಲಿ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ಬೀದಿಗಿಳಿದಿದ್ದರು. 1947ರ ಆಗಸ್ಟ್ 9ರಂದು ಮಹಾರಾಜರು ಭಾರತಕ್ಕೆ ಸೇರುವ ಒಪ್ಪಂದಕ್ಕೆ ಸಹಿ ಹಾಕಿದ್ದರೂ, ಅಧಿಕಾರವು ಜನರ ಪ್ರತಿನಿಧಿಗಳ ಕೈಗೆ ಬಂದದ್ದು ಸತ್ಯಾಗ್ರಹ ನಡೆದ ಮೇಲೆ, ಅಕ್ಟೋಬರಿನಲ್ಲಿ. ಹಾಗೆ ಬಿಟ್ಟುಕೊಟ್ಟ ಅಧಿಕಾರವನ್ನು ಅವರು ಮತ್ತೆ ಬಯಸಲಿಲ್ಲವೆಂಬುದನ್ನೂ ಹೇಳಬೇಕು. ಕಾಲ ಬದಲಾದಂತೆ ಲಂಡನ್ನಿಗೆ ಹೋಗುತ್ತಿದ್ದ ನೆರವೂ ನಿಂತಿತು. ಅಷ್ಟರಲ್ಲಿ ಆ ವಾದ್ಯವೃಂದವು ತನ್ನ ಕಾಲಮೇಲೆ ನಿಲ್ಲುವಷ್ಟು ಬಲಗೊಂಡಿತ್ತು.

ಪಶ್ಚಿಮದ ಸಂಗೀತದಲ್ಲಿ ಮುಳುಗಿದ್ದ ಈ ಅರಸರು ಮನೆಯ ಸಂಗೀತವನ್ನು ಮರೆತರೆಂದು ಭಾವಿಸಬಾರದು. ವೀಣೆ ವೆಂಕಟಗಿರಿಯಪ್ಪನವರ ನುಡಿಸಾಣಿಕೆ, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಇವು ಅವರನ್ನು ಕರ್ನಾಟಕ ಸಂಗೀತದ ಆಳಕ್ಕೆ ಕರೆದೊಯ್ದವು. ಶ್ರೀವಿದ್ಯೆಯ ಉಪಾಸಕರಾಗಿದ್ದ ಅವರು ಅದೇ ಹೆಸರನ್ನು ಅಂಕಿತವಾಗಿಟ್ಟು ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಕೆಲವು, ಇತರರು ಮುಟ್ಟಲು ಅಂಜುವ ಅಪೂರ್ವ ರಾಗಗಳಲ್ಲಿವೆ.

1950ರಿಂದ ಅವರು ಮೈಸೂರಿನ ರಾಜಪ್ರಮುಖರಾಗಿದ್ದರು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ ವಿಶಾಲ ರಾಜ್ಯದ ಮೊದಲ ರಾಜ್ಯಪಾಲರಾದರು. ಅಂದಿನವರೆಗೆ ಮುಂಬಯಿ ರಾಜ್ಯದಲ್ಲಿದ್ದ ಬೈಲಹೊಂಗಲ, ಕಿತ್ತೂರು, ಸವದತ್ತಿಗಳೂ, 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದ ರಾಮದುರ್ಗವೂ ಅಂದು ಮೈಸೂರಿನೊಡನೆ ಕೂಡಿದವು. ಬ್ರಿಟಿಷರೊಡನೆ ಕಾದಿದ ಚೆನ್ನಮ್ಮನ ನಾಡೂ ಮೈಸೂರು ಒಡೆಯರ ನಾಡೂ ಒಂದೇ ರಾಜ್ಯವಾದವು. ಒಡೆಯರು 1964ರವರೆಗೆ ಇಲ್ಲಿ, ಅನಂತರ ಎರಡು ವರ್ಷ ಮದರಾಸಿನಲ್ಲಿ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯು ಅವರನ್ನು ತನ್ನ ಫೆಲೋ ಆಗಿ ಆರಿಸಿ ಗೌರವಿಸಿತು. 1971ರಲ್ಲಿ ಅರಸರ ರಾಜಧನವೂ ಬಿರುದುಗಳೂ ರದ್ದಾದವು.

1974ರ ಸೆಪ್ಟೆಂಬರ್ 23ರಂದು, ಐವತ್ತೈದನೆಯ ವಯಸ್ಸಿನಲ್ಲಿ ಜಯಚಾಮರಾಜ ಒಡೆಯರು ಬೆಂಗಳೂರಿನಲ್ಲಿ ನಿಧನರಾದರು. 1950ರ ಆ ಸಂಜೆ ಅವರಿಗಾಗಿ ಮುದ್ರಿಸಿದ ಗಾಯನದ ಧ್ವನಿಯು, ಸವೆದು ಮಸುಕಾಗಿದ್ದರೂ, ಈಗಲೂ ಕೇಳಲು ದೊರೆಯುತ್ತದೆ.