ಗಾಂಧೀಜಿ, ಆಡಿನ ಹಾಲು ಮತ್ತು ಲೆಕ್ಕದ ಪುಸ್ತಕ: ಫಾರ್ವರ್ಡ್ ಮಾಡುವ ಮುನ್ನ ಓದಿ

ಮಳೆಗಾಲ ಬಂದು ಡೆಂಗ್ಯೂ ಶುರುವಾದರೆ ಸಾಕು, ವಾಟ್ಸ್‌ಆ್ಯಪ್‌ನಲ್ಲಿ ಒಂದು ಫಾರ್ವರ್ಡ್ ಸುತ್ತಾಡತೊಡಗುತ್ತದೆ. ಗಾಂಧೀಜಿ ಜೀವನಪೂರ್ತಿ ಆಡಿನ ಹಾಲನ್ನೇ ಕುಡಿದರು, ಅದು ಅಮೃತ, ಹಸಿಯಾಗಿ ಕುಡಿದರೆ ಪ್ಲೇಟ್‌ಲೆಟ್ ಏರುತ್ತದೆ ಎಂಬುದು ಅದರ ಸಾರಾಂಶ. ಜೊತೆಗೆ ಗಾಂಧೀಜಿ ಆಡಿನ ಪಕ್ಕದಲ್ಲಿ ನಿಂತ ಚಿತ್ರವೂ ಇರುತ್ತದೆ. ಓದಿದವರು ಹಾಲು ಹುಡುಕಿಕೊಂಡು ಹೋಗುತ್ತಾರೆ, ಕೇಳಿದಷ್ಟು ದುಡ್ಡು ಕೊಡುತ್ತಾರೆ.

ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಗಾಂಧೀಜಿಯವರ ಬದುಕಿನಲ್ಲಿ ಆಡಿನ ಹಾಲು ಹೇಗೆ ಬಂತು ಎಂದು ನೋಡಿದರೆ ಉತ್ತರ ಸಿಗುತ್ತದೆ. ಅದೇ ಕಥೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿಯ ಆಡು ಸಾಕುವವರಿಗೂ ಉಪಯೋಗಕ್ಕೆ ಬರುವ ಒಂದು ಪಾಠವಿದೆ.

ಪೈಸೆ ಪೈಸೆ ಬರೆದಿಟ್ಟ ಹುಡುಗ

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಮನೆಯವರು ಕಟ್ಟಾ ಸಸ್ಯಾಹಾರಿಗಳು. ಹದಿಹರೆಯದಲ್ಲಿ ಗೆಳೆಯನೊಬ್ಬನ ಮಾತು ಕೇಳಿ ಕದ್ದು ಆಡಿನ ಮಾಂಸ ತಿಂದರು. ಆ ರಾತ್ರಿ ಹೊಟ್ಟೆಯೊಳಗೆ ಜೀವಂತ ಆಡು ಅರಚಿದ ಹಾಗಾಗಿ ನಿದ್ದೆಯೇ ಬರಲಿಲ್ಲವೆಂದು ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

1888ರಲ್ಲಿ ಕಾನೂನು ಓದಲು ಲಂಡನ್‌ಗೆ ಹೋದರು. ಅಲ್ಲಿ ಒಂದು ಅಭ್ಯಾಸ ಬೆಳೆಯಿತು. ಬಸ್ಸಿನ ಚಾರ್ಜು, ಅಂಚೆ ಚೀಟಿ, ಪತ್ರಿಕೆಗೆ ಕೊಟ್ಟ ಬಿಡಿ ಕಾಸು, ಎಲ್ಲವನ್ನೂ ಬರೆದಿಟ್ಟು ರಾತ್ರಿ ಮಲಗುವ ಮುನ್ನ ಲೆಕ್ಕ ಹೊಂದಿಸುತ್ತಿದ್ದರು. ಖರ್ಚು ಎಲ್ಲಿ ಸೋರುತ್ತಿದೆ ಎಂದು ಗೊತ್ತಾದ ಮೇಲೆ ಕೋಣೆ ಬದಲಿಸಿದರು, ನಡೆದೇ ಓಡಾಡಿದರು. ಮುಂದೆ ಲಕ್ಷಾಂತರ ರೂಪಾಯಿಯ ಸಾರ್ವಜನಿಕ ನಿಧಿಗಳನ್ನು ನೋಡಿಕೊಂಡಾಗಲೂ ಈ ಅಭ್ಯಾಸ ಅವರನ್ನು ಬಿಡಲಿಲ್ಲ. ಊಟದ ವಿಷಯದಲ್ಲೂ ಅಷ್ಟೇ. ಏನು ತಿಂದರೆ ದೇಹಕ್ಕೆ ಏನಾಗುತ್ತದೆ ಎಂದು ತಮ್ಮ ಮೇಲೆಯೇ ಪ್ರಯೋಗ ಮಾಡಿ ನೋಡುವುದು ಅವರ ಸ್ವಭಾವವಾಗಿತ್ತು.

ಹಾಲು ಬಿಟ್ಟವರು ಮತ್ತೆ ಕುಡಿದದ್ದೇಕೆ?

ಫಾರ್ವರ್ಡ್‌ನ ಮೊದಲ ತಪ್ಪು ಇಲ್ಲಿದೆ. ಗಾಂಧೀಜಿ ಜೀವನಪೂರ್ತಿ ಆಡಿನ ಹಾಲು ಕುಡಿದವರಲ್ಲ. 1912ರಲ್ಲಿ, ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿದ್ದಾಗ, ಅವರು ಹಾಲನ್ನೇ ಬಿಟ್ಟರು. ಹೆಚ್ಚು ಹಾಲು ಹಿಂಡಲು ಕಲ್ಕತ್ತದ ಕೆಲವು ಗೌಳಿಗರು ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವಿಷಯ ಓದಿ ಅವರ ಮನಸ್ಸು ಕದಡಿತ್ತು. ಹಾಲು ಮನುಷ್ಯನ ಸಹಜ ಆಹಾರವಲ್ಲ ಎಂಬ ನಂಬಿಕೆಯೂ ಅದಕ್ಕೆ ಸೇರಿತ್ತು.

1918ರಲ್ಲಿ ಗುಜರಾತಿನ ಖೇಡಾದಲ್ಲಿ ಊರೂರು ತಿರುಗುತ್ತಿದ್ದಾಗ ಆಮಶಂಕೆ ಹಿಡಿದು ಸಾವಿನಂಚಿಗೆ ಹೋದರು. ತಿಂಗಳುಗಟ್ಟಲೆ ಹಾಸಿಗೆ. ಹಾಲಿಲ್ಲದೆ ಶಕ್ತಿ ಬರುವುದಿಲ್ಲವೆಂದು ಮುಂಬೈಯ ವೈದ್ಯರು ಹೇಳಿದರು. ಪ್ರತಿಜ್ಞೆ ಮುರಿಯಲು ಗಾಂಧೀಜಿ ಒಪ್ಪಲಿಲ್ಲ. ಆಗ ದಾರಿ ತೋರಿಸಿದವರು ಕಸ್ತೂರ್‌ಬಾ. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆಯ ಹಾಲು. ಆಡಿನ ಹಾಲಿಗೆ ಅಡ್ಡಿಯೇನು ಎಂದು ಅವರು ಕೇಳಿದರು. 1919ರ ಆರಂಭದಲ್ಲಿ ಗಾಂಧೀಜಿ ಆಡಿನ ಹಾಲು ಕುಡಿದರು, ಚೇತರಿಸಿಕೊಂಡರು.

ಆದರೆ ಅವರಿಗೆ ಸಮಾಧಾನವಾಗಲಿಲ್ಲ. ಪ್ರತಿಜ್ಞೆಯ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಕೊರಗು ಕೊನೆಯವರೆಗೂ ಇತ್ತು. 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಮಾಡಿ ಹಾಲು ಬಿಡಲು ನೋಡಿದರು. ಹೊಟ್ಟೆ ಕೆಟ್ಟು ಅದನ್ನು ಕೈಬಿಡಬೇಕಾಯಿತು. ಆಡಿನ ಹಾಲನ್ನು ಅವರು ದಿವ್ಯೌಷಧವೆಂದು ಹಿಡಿದದ್ದಲ್ಲ. ಪ್ರತಿಜ್ಞೆ ಮತ್ತು ಪ್ರಾಣದ ನಡುವೆ ಸಿಕ್ಕ ದಾರಿ ಅದಾಗಿತ್ತು. ಆ ಜಾಗದಲ್ಲಿ ಯಾವ ಹಾಲಿದ್ದರೂ ಬಹುಶಃ ದೇಹ ಚೇತರಿಸಿಕೊಳ್ಳುತ್ತಿತ್ತು.

1927: ಗುಲ್ಬರ್ಗಾದಿಂದ ಬೆಂಗಳೂರಿನ ಡೇರಿಗೆ

1927 ಕನ್ನಡ ನಾಡಿನ ಮಟ್ಟಿಗೆ ಮರೆಯಲಾಗದ ವರ್ಷ. ಖಾದಿ ಪ್ರವಾಸದಲ್ಲಿದ್ದ ಗಾಂಧೀಜಿ ಫೆಬ್ರವರಿ 22ರಂದು ಗುಲ್ಬರ್ಗಾಕ್ಕೆ ಬಂದರು. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಮಾರ್ಚ್ ಕೊನೆಯ ಹೊತ್ತಿಗೆ, ಕೊಲ್ಹಾಪುರ–ನಿಪ್ಪಾಣಿ ಕಡೆಯ ಪ್ರವಾಸದಲ್ಲಿ, ರಕ್ತದೊತ್ತಡ ಏರಿ ಕುಸಿದರು. ವೈದ್ಯರು ವಿಶ್ರಾಂತಿ ಬೇಕೇ ಬೇಕು ಎಂದರು. ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ನಂದಿಬೆಟ್ಟದಲ್ಲಿ, ನಂತರ ಬೆಂಗಳೂರಿನ ಕುಮಾರ ಪಾರ್ಕ್‌ನಲ್ಲಿ ಉಳಿದರು.

ವಿಶ್ರಾಂತಿಯ ಹೊತ್ತಿನಲ್ಲಿ ಅವರು ಮಾಡಿದ ಕೆಲಸ ಕುತೂಹಲಕಾರಿಯಾಗಿದೆ. ಬೆಂಗಳೂರಿನ ಆಡುಗೋಡಿಯಲ್ಲಿ 1923ರಿಂದ ಇಂಪೀರಿಯಲ್ ಪಶುಪಾಲನೆ ಮತ್ತು ಹೈನುಗಾರಿಕೆ ಸಂಸ್ಥೆ ಇತ್ತು. ವಿಲಿಯಂ ಸ್ಮಿತ್ ಎಂಬ ಹೈನು ತಜ್ಞರು ಅಲ್ಲಿದ್ದರು. 57 ವರ್ಷದ ಗಾಂಧೀಜಿ ವಿದ್ಯಾರ್ಥಿಯಂತೆ ಅಲ್ಲಿಗೆ ಹೋಗಿ ಹೈನುಗಾರಿಕೆಯ ಪಾಠ ಕೇಳಿದರು. ಪಂಡಿತ ಮದನ ಮೋಹನ ಮಾಳವೀಯರೂ ಬಂದಿದ್ದರು. ಈ ಸಂಸ್ಥೆಯ ಕೇಂದ್ರ 1955ರಲ್ಲಿ ಹರಿಯಾಣದ ಕರ್ನಾಲ್‌ಗೆ ಹೋಗಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಯಿತು. ಬೆಂಗಳೂರಿನದು ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು.

ಡೇರಿಗೆ ಹೋಗುವ ಅಗತ್ಯವೇನಿತ್ತು? ಗಾಂಧೀಜಿ 1925ರಿಂದ ಅಖಿಲ ಭಾರತ ಗೋರಕ್ಷಣಾ ಸಂಘದ ಹೊಣೆ ಹೊತ್ತಿದ್ದರು. ಬರೀ ಭಕ್ತಿಯಿಂದ ದನ ಉಳಿಯುವುದಿಲ್ಲ, ಗೋಶಾಲೆಯೂ ಲೆಕ್ಕವಿಟ್ಟು ನಡೆಯುವ ಡೇರಿಯಾಗಬೇಕು ಎಂಬುದು ಅವರ ನಿಲುವಾಗಿತ್ತು. ಯಾವ ಡೇರಿಗಾದರೂ ಬುನಾದಿ ಎರಡು ಅಂಕಿಗಳು: ಕರೆದ ಹಾಲಿನ ತೂಕ ಮತ್ತು ಅದರಲ್ಲಿರುವ ಕೊಬ್ಬು. ಆ ಅಂಕಿ ಇಲ್ಲದಿದ್ದರೆ ಯಾವ ಪ್ರಾಣಿಯ ಮರಿಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ಹೇಳುವವರೇ ಇಲ್ಲ.

1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಲಂಡನ್‌ಗೆ ಹೋದಾಗಲೂ ಅವರು ಬಿಡುವು ಮಾಡಿಕೊಂಡು ಇಸ್ಲಿಂಗ್ಟನ್‌ನ ಡೇರಿ ಪ್ರದರ್ಶನಕ್ಕೆ ಹೋಗಿ ಅಲ್ಲಿನ ಆಡುಗಳನ್ನು ನೋಡಿ ಬಂದರು. ಬ್ರಿಟನ್ನಿನಲ್ಲಿ ಆಡು ಸಾಕುವವರ ಸಂಘ 1879ರಲ್ಲೇ ಹುಟ್ಟಿತ್ತು.

ಆಳಂದದ ಆಡಿಗೆ ಇದರಿಂದ ಏನು?

ಗಾಂಧೀಜಿ ಬಂದುಹೋದ ಆ ಗುಲ್ಬರ್ಗಾವೇ ಇಂದಿನ ಕಲಬುರಗಿ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಆಳಂದ, ಭೀಮಾ ತೀರದ ಅಫಜಲಪುರ ಮತ್ತು ಜೇವರ್ಗಿ ಈ ಜಿಲ್ಲೆಯ ತಾಲ್ಲೂಕುಗಳು. ಗಡಿಯಾಚೆಯ ಉಸ್ಮಾನಾಬಾದಿ ತಳಿ ಈ ಭಾಗಕ್ಕೆ ಪರಿಚಿತ. ಮಾಂಸಕ್ಕೆ ಹೆಸರಾದ, ಅವಳಿ ಮರಿ ಹಾಕುವ, ಬಿಸಿಲು ತಡೆಯುವ ಆಡು ಅದು. ಹಾಲು ದಿನಕ್ಕೆ ಅರ್ಧ ಕಿಲೋದಿಂದ ಒಂದೂವರೆ ಕಿಲೋ. ಮನೆಯ ಚಹಾಕ್ಕೆ ಒಂದಿಷ್ಟು, ಉಳಿದದ್ದು ಮರಿಗೆ.

ಹಾಲು ಮಾರದವರು ಅಳೆಯುವುದೇಕೆ ಎಂದು ನೀವು ಕೇಳಬಹುದು. ಅವಳಿ ಮರಿ ದಪ್ಪಗೆ ಬೆಳೆಯುವುದು ತಾಯಿಯ ಹಾಲಿನಿಂದಲೇ. ಹಾಲು ಕಡಿಮೆಯಾದರೆ ಎರಡನೇ ಮರಿ ಸೊರಗುತ್ತದೆ, ಸಾಯಲೂಬಹುದು. ಹಬ್ಬದ ಸಂತೆಯಲ್ಲಿ ಸಿಗುವ ದುಡ್ಡು ಕೂಡ ಕೆಚ್ಚಲಿನಿಂದಲೇ ಬರುತ್ತದೆ.

ಅಳೆಯುವ ಕ್ರಮ ಸುಲಭ. ತಿಂಗಳಿಗೆ ಒಂದು ದಿನ ಸಾಕು. ಹಿಂದಿನ ರಾತ್ರಿ ಮರಿಗಳನ್ನು ಬೇರೆ ಕಟ್ಟಿ. 12 ತಾಸಿನ ನಂತರ ಪೂರ್ತಿ ಹಿಂಡಿ, ಪಾತ್ರೆಯ ತೂಕ ಕಳೆದು ಹಾಲನ್ನು ತೂಗಿ. ಸಂಜೆಯೂ ಹಾಗೇ ಮಾಡಿ, ಎರಡನ್ನೂ ಕೂಡಿಸಿ. ಆ ದಿನ ಮರಿಗೆ ಹಿಂಡಿದ ಹಾಲನ್ನೇ ಕುಡಿಸಿ, ಹಸಿವಿಗೆ ಬಿಡಬೇಡಿ. ಅಳತೆ ಲೋಟಕ್ಕಿಂತ ತೂಕ ಮೇಲು, ಏಕೆಂದರೆ ನೊರೆ ಲೋಟವನ್ನು ತುಂಬಿಸಿ ಕಣ್ಣಿಗೆ ಮೋಸ ಮಾಡುತ್ತದೆ.

ನೋಟ್‌ಬುಕ್ಕಿನಲ್ಲಿ ಆಡಿನ ಗುರುತು, ಈದ ದಿನ, ಮರಿಗಳೆಷ್ಟು, ಬೆಳಗಿನ ತೂಕ, ಸಂಜೆಯ ತೂಕ, ಕೊಟ್ಟ ಔಷಧಿ, ಇಷ್ಟು ಬರೆದರೆ ಆಯಿತು.

ಒಂದು ಲೆಕ್ಕ ಮಾಡಿ ನೋಡೋಣ. ಈದ 15ನೇ ದಿನಕ್ಕೆ ಮೊದಲ ಬಾರಿ, ಆಮೇಲೆ 30 ದಿನಕ್ಕೊಮ್ಮೆ ತೂಗಿದ್ದೀರಿ ಎಂದುಕೊಳ್ಳಿ. ಕರಿ ಆಡು 800, 1000, 700, 400 ಗ್ರಾಂ ಕೊಟ್ಟಿತು. ಪ್ರತಿ ಅಂಕಿಯನ್ನು 30ರಿಂದ ಗುಣಿಸಿ ಕೂಡಿದರೆ 120 ದಿನಕ್ಕೆ 87 ಕಿಲೋ. ಕಂದು ಆಡು ಮೊದಲ ಸಲವೇ 1200 ಗ್ರಾಂ ಕೊಟ್ಟು ಊರವರ ಬಾಯಲ್ಲಿ ಹೆಸರಾಯಿತು, ಆಮೇಲೆ 700, 300, ಕೊನೆಗೆ ಬತ್ತಿಹೋಯಿತು. ಅದರ ಒಟ್ಟು 66 ಕಿಲೋ. ಕಣ್ಣಿಗೆ ಕಂದು ಆಡು ದೊಡ್ಡದು, ಪುಸ್ತಕದಲ್ಲಿ ಕರಿ ಆಡು ದೊಡ್ಡದು. ಮುಂದಿನ ಹೋತವನ್ನು ಕರಿ ಆಡಿನ ಮರಿಗಳಲ್ಲಿ ಆರಿಸಿದರೆ ಹಿಂಡು ಸುಧಾರಿಸುತ್ತದೆ. ಲೆಕ್ಕವಿಲ್ಲದಿದ್ದರೆ ಒಳ್ಳೆಯ ಆಡೇ ಮೊದಲು ಸಂತೆಗೆ ಹೋಗುವ ಅಪಾಯವಿದೆ.

ಕೊಬ್ಬು ಪರೀಕ್ಷಿಸುವುದಾದರೆ ಪೂರ್ತಿ ಹಿಂಡಿದ ಹಾಲನ್ನು ಕಲಕಿ ಸ್ಯಾಂಪಲ್ ತೆಗೆಯಿರಿ. ಮೊದಲು ಬರುವ ಹಾಲು ತೆಳು, ಕೊನೆಯದು ಗಟ್ಟಿ; ಒಂದನ್ನೇ ಕೊಟ್ಟರೆ ಅಂಕಿ ತಪ್ಪುತ್ತದೆ.

ಈಗ ಫಾರ್ವರ್ಡ್‌ನ ಲೆಕ್ಕ

ಪ್ಲೇಟ್‌ಲೆಟ್ ಏರುತ್ತದೆಯೇ? ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತಿಗೆ ಪ್ಲೇಟ್‌ಲೆಟ್ ಕುಸಿಯುತ್ತದೆ. ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ತಾನಾಗಿ ಏರುತ್ತದೆ. ಆ ದಿನಗಳಲ್ಲಿ ಆಡಿನ ಹಾಲು ಕುಡಿದವರು ಹಾಲಿನಿಂದ ಏರಿತು ಎನ್ನುತ್ತಾರೆ. ಕುಡಿಯದವರಿಗೂ ಏರಿದ್ದನ್ನು ಯಾರೂ ಬರೆದಿಡುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಹೋಲಿಸುವುದೇ ವಿಜ್ಞಾನ. ಆಡಿನ ಹಾಲು ಡೆಂಗ್ಯೂ ಗುಣಪಡಿಸುತ್ತದೆ ಎಂಬುದಕ್ಕೆ ಅಂಥ ಗಟ್ಟಿ ಪುರಾವೆ ಇಲ್ಲ. ಡೆಂಗ್ಯೂ ರೋಗಿಗೆ ಬೇಕಾದದ್ದು ಸಾಕಷ್ಟು ದ್ರವಾಹಾರ ಮತ್ತು ವೈದ್ಯರ ನಿಗಾ. ಹೊಟ್ಟೆನೋವು, ಪದೇ ಪದೇ ವಾಂತಿ, ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಸಿ ಹಾಲು ಒಳ್ಳೆಯದೇ? ಅಪಾಯಕಾರಿ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಸೈನಿಕರು ಬಿಟ್ಟುಬಿಟ್ಟು ಬರುವ ಜ್ವರದಿಂದ ನರಳುತ್ತಿದ್ದರು. 1905ರಲ್ಲಿ ಥೆಮಿಸ್ಟೋಕ್ಲಿಸ್ ಝಮಿಟ್ ಎಂಬ ವೈದ್ಯರು ಅದರ ಮೂಲ ಆಡುಗಳಲ್ಲಿದೆ ಎಂದು ಕಂಡುಹಿಡಿದರು. ಹಸಿ ಹಾಲಿನಿಂದ ಹರಡುವ ಆ ರೋಗವೇ ಬ್ರುಸೆಲ್ಲೋಸಿಸ್. ಅದು ನಮ್ಮ ದೇಶದಲ್ಲೂ ಇದೆ. ಹಾಲನ್ನು ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತದೆ. ಹಿಂಡಿನಲ್ಲಿ ಆಡುಗಳು ಮರಿ ಕಂದು ಹಾಕುತ್ತಿದ್ದರೆ ಪುಸ್ತಕದಲ್ಲಿ ಬರೆದು ಪಶು ಆಸ್ಪತ್ರೆಗೆ ತೋರಿಸಿ. ಕಂದು ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಕೂಸಿಗೆ ಕೊಡಬಹುದೇ? ಒಂದು ವರ್ಷ ತುಂಬದ ಕೂಸಿಗೆ ತಾಯಿಯ ಹಾಲಿನ ಬದಲು ಆಡಿನ ಹಾಲು ಕುಡಿಸಬಾರದು. ಅದರಲ್ಲಿ ಫೋಲೇಟ್ ಎಂಬ ಜೀವಸತ್ವ ತೀರಾ ಕಡಿಮೆ. ಅದನ್ನೇ ನಂಬಿದ ಕೂಸುಗಳಿಗೆ ರಕ್ತಹೀನತೆ ಬರುತ್ತದೆ. ಹಸುವಿನ ಹಾಲಿನ ಅಲರ್ಜಿ ಇರುವ ಬಹುತೇಕರಿಗೆ ಆಡಿನ ಹಾಲೂ ಆಗುವುದಿಲ್ಲ.

ಹಾಗಾದರೆ ಆಡಿನ ಹಾಲು ಕೆಟ್ಟದ್ದೇ? ಖಂಡಿತ ಅಲ್ಲ. ಕುದಿಸಿ ಕುಡಿದರೆ ಪ್ರೋಟೀನ್, ಕ್ಯಾಲ್ಸಿಯಂ ಕೊಡುವ ಒಳ್ಳೆಯ ಆಹಾರ.

ಕೊನೆಯ ದಿನದವರೆಗೆ

1942ರಿಂದ 1944ರವರೆಗೆ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಗಾಂಧೀಜಿ ಆರೋಗ್ಯದ ಮೇಲೆ ಒಂದು ಪುಟ್ಟ ಪುಸ್ತಕ ಬರೆದರು. ಹಾಲು ಬಿಡಬೇಕೆಂಬ ತಮ್ಮ ಆಸೆ ಕೈಗೂಡಲಿಲ್ಲವೆಂದು ಅಲ್ಲಿ ಒಪ್ಪಿಕೊಂಡರು. ತನಗೆ ಇಷ್ಟವಾದದ್ದು ಒಂದು, ದೇಹ ತೋರಿಸಿಕೊಟ್ಟದ್ದು ಇನ್ನೊಂದು. ಅವರು ಎರಡನೆಯದನ್ನು ಬರೆದರು. 1948ರ ಜನವರಿ 30ರ ಸಂಜೆ, ಪ್ರಾರ್ಥನಾ ಸಭೆಗೆ ಹೊರಡುವ ಮುನ್ನ ಅವರು ತೆಗೆದುಕೊಂಡ ಕೊನೆಯ ಊಟದಲ್ಲೂ ಆಡಿನ ಹಾಲಿತ್ತು.

ಅವರ ಹೆಸರಿನಲ್ಲಿ ಬರುವ ಫಾರ್ವರ್ಡ್ ನಿಮ್ಮ ಫೋನಿಗೆ ಬಂದರೆ, ಯಾರು ಅಳೆದರು, ಯಾರು ಬರೆದಿಟ್ಟರು ಎಂದು ಒಮ್ಮೆ ಕೇಳಿ. ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಆಡು ಸಾಕುವ ಬಂಧುಗಳು ನಿಮಗಿದ್ದರೆ, ಅವರಿಗೆ ಆ ಫಾರ್ವರ್ಡ್ ಬದಲು ಮೇಲಿನ ಕರಿ ಆಡು, ಕಂದು ಆಡಿನ ಲೆಕ್ಕ ಕಳಿಸಿ. ಒಂದು ತಕ್ಕಡಿ, ಒಂದು ನೋಟ್‌ಬುಕ್ಕು ಇದ್ದರೆ ಈ ತಿಂಗಳೇ ಶುರುಮಾಡಬಹುದು.